ತಂಗಿ ಮಗಳಿಗೆ ನಾನು ಮನೆ ಹುಡುಕಿಕೊಟ್ಟದ್ದು

ಮನೆ ಕೊಳ್ಳುವವರು ಯಾರೇ ಇರಲಿ, ನಡುವೆ ನಾನು ಹೋದೆನೆಂದರೆ ಏನಾದರೊಂದು ಆಗಿಯೇ ತೀರುತ್ತದೆ. ಅದು ನನ್ನ ತಪ್ಪಲ್ಲ, ಪ್ರತಿಭೆ. ಗದಗಿನಿಂದ ಮುಂಡರಗಿಯವರೆಗೆ ಯಾವ ಗೋಡೆಯನ್ನು ಬೆರಳಿಂದ ಬಡಿದರೂ ಅದರ ವಯಸ್ಸು, ಕಟ್ಟಿದ ಗೌಂಡಿಯ ಊರು, ಅವತ್ತು ಅವನು ಬುತ್ತಿಗೆ ಏನು ತಂದಿದ್ದ ಎಂಬುದನ್ನೂ ಹೇಳಬಲ್ಲೆ. ಆದ್ದರಿಂದ ತಂಗಿಯ ಮಗಳು ಮನೆ ಹುಡುಕಲು ಹೊರಟಾಗ, ಯಾರೂ ಕರೆಯದಿದ್ದರೂ ಮುಂದಾಳತ್ವ ನಾನೇ ವಹಿಸಿಕೊಂಡೆ.

ಅವಳು, ಗಂಡ, ಅತ್ತೆ, ಒಂದನೇ ತರಗತಿಗೆ ಹೋಗಬೇಕಾದ ಮಗಳು ಬೆಟಗೇರಿಯ ಬಾಡಿಗೆ ಮನೆಯಲ್ಲಿದ್ದರು. ಅತ್ತೆ ಇನ್ನೂ ಮಗ್ಗಕ್ಕೆ ಕೂರುತ್ತಾರೆ. ಗಂಡ ಸೀರೆ ಗಂಟು ಹೊತ್ತು ಊರೂರ ಸಂತೆ ತಿರುಗುತ್ತಾನೆ, ಹಾಗಾಗಿ ಯಾವ ಊರಾದರೂ ನಡೆದೀತು. ಮನೆ ಮಾಲೀಕ ಖಾಲಿ ಮಾಡಿ ಎಂದಿದ್ದ. ಶಾಲೆ ಶುರುವಾಗುವುದರೊಳಗೆ ಸ್ವಂತದ್ದೊಂದು ಆಗಲೇಬೇಕಿತ್ತು.

"ಮಾಮಾ, ಬೆಲಿ ನಮ್ಮ ಕೈಗೆ ಎಟಕಬೇಕು. ಮಗಳು ನಡಕೊಂತ ಹೋಗೂವಷ್ಟು ಹತ್ರ ಚಲೋ ಸಾಲಿ ಇರಬೇಕು. ಓಣಿ ಮಂದಿ ಮನುಷ್ಯಾರಂಗ ಇರಬೇಕು," ಎಂದಳು.

"ಇಷ್ಟೇನಾ? ನಾ ಇನ್ನೇನ ಕೇಳತಿಯೋ ಅಂದ್ಕೊಂಡಿದ್ದೆ," ಎಂದೆ.

ಮೆತ್ತನ್ನ ಮನಸ್ಸಿನವರು

ಮೊದಲು ನಾನಿರುವ ಲಕ್ಷ್ಮೇಶ್ವರ. ಮನೆ ದೊಡ್ಡದು, ಬೆಲೆ ಸಣ್ಣದು, ಶಾಲೆ ಎದುರಿಗೇ. ಮಾಲೀಕ ಮಾತ್ರ "ಸೋಮವಾರನ ಬರ್ರಿ" ಎಂದು ಪಟ್ಟು ಹಿಡಿದಿದ್ದ. ಹೋದೆವು. ಓಣಿ ಶಾಂತವಾಗಿತ್ತು.

"ಇಲ್ಲಿ ಮಂದಿ ಎಂಥಾವರು?" ಎಂದು ಮಾಲೀಕನನ್ನು ಕೇಳಿದೆ.

"ಭಾಳ ಮೆತ್ತನ್ನ ಮನಸಿನವರ್ರಿ. ಯಾರ ಮನಿಗೆ ಹೋದ್ರೂ ಕಣ್ಣಾಗ ನೀರ ತಗೀತಾರ."

ನನಗೆ ಸಂತೋಷವಾಗಿ, ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿಗೂ ತೋರಿಸೋಣವೆಂದು ಮರುದಿನ ಎಲ್ಲರನ್ನೂ ಕರೆದುಕೊಂಡು ಹೋದೆ. ಪಕ್ಕದಲ್ಲಿ ಖಾರ ಕುಟ್ಟುವ ಗಿರಣಿ ಶುರುವಾಗಿತ್ತು. ಅದರ ರಜೆ ಸೋಮವಾರ! ಓಣಿಗೆ ಓಣಿಯೇ ಕಣ್ಣು ಒರೆಸಿಕೊಳ್ಳುತ್ತಿತ್ತು. ಕಟ್ಟೆಯ ಮೇಲಿನ ಎಮ್ಮೆಯೂ ಸೀನಿತು.

ಬೀಗಿತ್ತಿ ಮೂಗಿಗೆ ಸೆರಗು ಹಿಡಿದು ಕೇಳಿದರು: "ಬೀಗರ, ನಿಮ್ಮೂರಾಗಿನ ಗಿರಣಿ ನಿಮಗ ಗೊತ್ತಿಲ್ಲೇನ್ರಿ?"

ತಕ್ಕ ಉತ್ತರ ನನ್ನ ಬಾಯಲ್ಲೇ ಇತ್ತು. ಸೀನು ಬಿಡಲಿಲ್ಲ, ಅಷ್ಟೇ.

ಎಲೆ ಅಡಿಕೆ ದೂರ

ಮುಂಡರಗಿಯಲ್ಲಿ ಹೊಸ ಮನೆ, ಒಳ್ಳೆಯ ನೆರೆಹೊರೆ. ಶಾಲೆ ಎಷ್ಟು ದೂರ ಎಂದಾಗ ಮಧ್ಯವರ್ತಿ ನಕ್ಕ. "ಒಂದು ಎಲಿ ಹಾಕ್ಕೊಂಡು ಹೊಂಟ್ರ, ಉಗುಳೂದ್ರಾಗ ಸಾಲಿ ಬರತೈತಿ."

ದಾರಿಯ ಲೆಕ್ಕ ನಮ್ಮ ಕಡೆ ಹೀಗೆಯೇ. ಅವನೂ ಎಲೆ ಹಾಕಿಕೊಂಡ, ನಾನೂ ಹಾಕಿಕೊಂಡೆ. ನಡೆದೆವು. ಮನೆಗಳು ಮುಗಿದು ಜೋಳದ ಹೊಲ ಬಂತು, ಜೋಳ ಮುಗಿದು ಸೂರ್ಯಕಾಂತಿ ಬಂತು. ಹಿಂಗೇ ಹೋದರೆ ಕೊರ್ಲಹಳ್ಳಿ ಹೊಳೆಗೆ ಸ್ನಾನಕ್ಕೇ ಇಳಿಯುತ್ತೇವೆ ಎನಿಸಿ ಅವನ ಅಂಗಿ ಹಿಡಿದೆ. "ನಾ ಉಗುಳಿ ಯಾವ ಕಾಲ ಆತೋ! ಎಲ್ಲಿ ಐತಿ ಸಾಲಿ?"

ಅವನು ಉಬ್ಬಿದ ದವಡೆಯನ್ನು ತೋರಿಸಿ, ತುಟಿ ಬಿಗಿಹಿಡಿದೇ ಹೇಳಿದ: "ನಾ ಇನ್ನೂ ಉಗುಳಿಲ್ಲಲ್ರೀ!"

ಗೋಡೆಯಾಚೆಯ ಪಂಚರು

ದೂರದ ಕಾಟವೇ ಬೇಡವೆಂದು ಶಿರಹಟ್ಟಿಯಲ್ಲಿ ಶಾಲೆಯ ಗೋಡೆಗೇ ಅಂಟಿದ ಮನೆ ನೋಡಿದೆ. ಮಾಲೀಕ ಬೆಲೆ ಹೇಳಲು ಗಂಟಲು ಸರಿಮಾಡಿಕೊಂಡ. ಗೋಡೆಯಾಚೆ ಮಗ್ಗಿ ಒದರುತ್ತಿದ್ದ ತರಗತಿ ಥಟ್ಟನೆ ಸುಮ್ಮನಾಯಿತು. ಅವನು ಬೆಲೆ ಹೇಳಿದ. ಆಚೆಯಿಂದ ಇಡೀ ತರಗತಿ ಒಂದೇ ರಾಗದಲ್ಲಿ ಕೂಗಿತು:

"ಭಾ...ಳ ಆತ್ರೀ!"

ಬೆಟಗೇರಿಯ ಜಗಳ

ಕೊನೆಗೆ ಬೆಟಗೇರಿಯಲ್ಲೇ ಒಂದು ಸಿಕ್ಕಿತು. ಓಣಿಯ ತುದಿಗೆ ಒಳ್ಳೆಯ ಶಾಲೆ. ಪಡಸಾಲೆಯಲ್ಲಿ ಮಗ್ಗದ ಕುಣಿ ತೋಡಿಯೇ ಇತ್ತು. ಬೀಗಿತ್ತಿ ಅದರಲ್ಲಿ ಕಾಲು ಇಳಿಬಿಟ್ಟು ಕೂತವರು ಏಳಲೊಲ್ಲರು. ತಂಗಿಯ ಮಗಳು ಅಡುಗೆಮನೆಯಲ್ಲಿ ನಿಂತು, ಯಾರಿಗೂ ಕಾಣದಂತೆ ಗೋಡೆ ಸವರುತ್ತಿದ್ದಳು. ಬೆಲೆ ಮಾತ್ರ ತುಸು ಮೇಲಿತ್ತು. ಮಾಲಕಿ ಪಕ್ಕದ ಮನೆಯ ಮುದುಕಿ, ಬೆಲೆ ಇಳಿಸಲು ಒಪ್ಪಲಿಲ್ಲ.

"ಓಣೀನ ಪರೀಕ್ಷಾ ಮಾಡದ ನಾ ಮನಿ ತಗೊಳ್ಳಾಕ ಬಿಡಂಗಿಲ್ಲ," ಎಂದೆ. ನನ್ನ ಪದ್ಧತಿ ಸರಳ. ಬಾಗಿಲಲ್ಲಿ ನಿಂತು ಜಗಳ ತೆಗೆಯಬೇಕು. ಜನ ಕದ ಹಾಕಿಕೊಂಡರೆ ಆ ಓಣಿ ಬೇಡ. ಬಿಡಿಸಲು ಬಂದರೆ ಕಣ್ಣು ಮುಚ್ಚಿ ಮನೆ ಕೊಳ್ಳಬೇಕು. ತಂಗಿಯ ಮಗಳ ಗಂಡ ಜನ್ಮದಲ್ಲಿ ಜಗಳವಾಡಿದವನಲ್ಲ. "ನೀ ಸುಮ್ಮ ನಿಂದರು, ಎರಡೂ ಕಡೀದು ನಾನ ಮಾಡತೀನಿ," ಎಂದು ಕಟ್ಟೆ ಏರಿದೆ.

"ಏ, ಹಿರ್ಯಾರು ಅನ್ನೂ ಖಬರ ಐತೇನ್ಲೇ? ತಂಗಿ ಮಗಳನ್ನ ಕೊಟ್ಟೀವಿ ನಿನಗ! ನನಗ ಒಂದು ವಾಟಗಾ ಚಹಾ ಕೊಡಾಕ ಕೈ ನಡಗತಾವೇನು?"

ಓಣಿಯ ಮಗ್ಗಗಳ ಸಪ್ಪಳ ಒಂದೊಂದಾಗಿ ನಿಂತಿತು. ರೊಟ್ಟಿ ಹಿಟ್ಟಿನ ಕೈಯಲ್ಲೇ ಹೆಂಗಸರು ಬಂದರು, ಲಾಳಿ ಹಿಡಿದೇ ಗಂಡಸರು ಬಂದರು. ಓಣಿ ಪಾಸು! ಆದರೆ ಎಲ್ಲರೂ ನಿಂತದ್ದು ಅವನ ಕಡೆ. ಅವನಿಗೆ ಕುರ್ಚಿ, ನೀರು. ನನಗೆ ಬುದ್ಧಿಮಾತು. "ಬಾಯಿ ಮಾಡಬ್ಯಾಡ್ರಿ ಯಜಮಾನ್ರ. ಪಾಪ, ಹುಡುಗ ಒಂದು ಮಾತ ಆಡವಲ್ಲ."

ಮುದುಕಿ ತಂಗಿಯ ಮಗಳಿಗೆ ಹೇಳಿದಳು: "ಇಂಥಾ ಜಗಳಗಂಟ ಮಂದಿಗೆ ನಾ ಮನಿ ಕೊಡಂಗಿಲ್ಲವಾ."

ಹುಡುಗಿಯ ಮುಖ ಬಾಡಿತು. ನಾನು ಮೆಲ್ಲಗೆ ಕಟ್ಟೆ ಇಳಿದೆ. ಅವಳೇ ಬಾಯಿ ಬಿಟ್ಟಳು: "ಇದು ಖರೇ ಜಗಳ ಅಲ್ಲಬೇ ಅಮ್ಮಾ. ನೀವು ಎಂಥಾವರು ಅಂತ ನಮ್ಮ ಮಾಮಾ ಪರೀಕ್ಷಾ ಮಾಡಾಕ ಹತ್ತಿದ್ರು."

"ಯಾವಾಗ್ಲೂ ಹಿಂಗ ಅದಾರೇನು?"

"ಹುಟ್ಟಿದಾಗಿಂದ."

ಮುದುಕಿ ಕಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ ನನ್ನವ್ವಾ! ಇಂಥಾವರ ಕೂಡ ಏಗಿದಾಕಿಗೆ ಇಳಿಸಿ ಕೊಡಲಿಲ್ಲಂದ್ರ ನನಗ ಪಾಪ ಬರತೈತಿ. ನೀ ಹೇಳಿದ ಬೆಲಿಗೇ ತಗೋ. ಒಂದ ಕರಾರು. ನಿಮ್ಮ ಮಾಮಾ ಬರಲಿ, ಉಣ್ಣಲಿ. ರಾತ್ರಿ ವಸ್ತಿ ಇರಬಾರದು."

ಮೊನ್ನೆ ಗೃಹಪ್ರವೇಶ. ಹೋಳಿಗೆ ಉಂಡು, ಸಂಜೆ ಪಡಸಾಲೆಯಲ್ಲಿ ದಿಂಬು ಹುಡುಕುತ್ತಿದ್ದೆ. ಬಾಗಿಲಲ್ಲಿ ಮುದುಕಿ: "ಯಜಮಾನ್ರ, ಲಕ್ಷ್ಮೇಶ್ವರದ ಬಸ್ಸಿನ ಹೊತ್ತಾತು." ಅವಳ ಹಿಂದೆ ಇಡೀ ಓಣಿ. ಒಬ್ಬರು ನನ್ನ ಚೀಲ ಎತ್ತಿಕೊಂಡರು, ಒಬ್ಬರು ಚಪ್ಪಲಿ ತಂದಿಟ್ಟರು, ಇನ್ನೊಬ್ಬರು ಮೊದಲೇ ಓಡಿ ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿದರು. ಬಸ್ಸು ತಿರುವು ದಾಟುವವರೆಗೂ ಒಬ್ಬರೂ ಅಲ್ಲಿಂದ ಕದಲಲಿಲ್ಲ.

ಇಷ್ಟು ಒಗ್ಗಟ್ಟಿನ ಓಣಿ ಈ ಜಿಲ್ಲೆಯಲ್ಲಿ ಇನ್ನೊಂದಿದ್ದರೆ ತೋರಿಸಿರಿ. ಹುಡುಕಿಕೊಟ್ಟವನು ನಾನು!