ಯಾರೂ ಮುಟ್ಟದ ಸ್ಟುಡಿಬೇಕರ್

ಆ ಶನಿವಾರದ ರಂಪಕ್ಕೆಲ್ಲ ಮೂಲ ಒಂದು ಬಕೆಟ್ ಸೋಪಿನ ನೀರು. ಅದನ್ನು ಹೊತ್ತುಕೊಂಡು ಪಕ್ಕದ ಮನೆಯ ಇರ್ಮಾ ಹೋರ್ವಾತ್ ಬೆಳ್ಳಂಬೆಳಗ್ಗೆಯೇ, ಎಲ್ಲರೂ ಕ್ಯಾಸ್ ಎಂದು ಕರೆಯುವ ಕ್ಯಾಸಿಮಿರ್ ಗೋರ್ನಿಯ ಗ್ಯಾರೇಜಿನ ಮುಂದೆ ಬಂದು ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, ಹೆಗಲಿಗೊಂದು ಹಳೆಯ ಟವೆಲ್ ಹಾಕಿಕೊಂಡು, ತಯಾರಾಗಿಯೇ ಬಂದಿದ್ದಳು.

"ಪ್ರದರ್ಶನಕ್ಕೆ ಹೋಗೋ ಗಾಡಿ ಕಣಪ್ಪ ಇದು. ಒಂಚೂರು ಮುಖ ತೊಳಸ್ತೀನಿ, ಅಷ್ಟೇ."

ಕ್ಯಾಸ್ ಕೈಯಲ್ಲಿದ್ದ ಕಾಫಿಯನ್ನು ಅಲ್ಲೇ ನೆಲದ ಮೇಲಿಟ್ಟು, ಎರಡೂ ಕೈ ಅಗಲಿಸಿ ಗಾಡಿಗೆ ಅಡ್ಡ ನಿಂತ. ನೀರು ಹಾಕಿದರೆ ಧೂಳು ಹೋಗುತ್ತದೆ, ಧೂಳಿನ ಜೊತೆ ಬಣ್ಣ ಹೋಗುತ್ತದೆ, ಬಣ್ಣದ ಜೊತೆ ತನ್ನ ಮಾನ ಹೋಗುತ್ತದೆ ಎಂದು ವಿವರಿಸಿದ. ಇರ್ಮಾ ಬಕೆಟ್ ಕೆಳಗಿಳಿಸಿದಳು, ಆದರೆ ಟವೆಲ್ ಹೆಗಲ ಮೇಲೇ ಉಳಿಯಿತು.

ವಿಷಯ ಇಷ್ಟೆ. ಹಳೆಯ ಕಾರುಗಳ ಸಂಘದವರು ಆ ವರ್ಷ ಹೊಸದೊಂದು ಬಹುಮಾನ ಇಟ್ಟಿದ್ದರು. ಕೈ ತಾಗದ ಗಾಡಿಗೆ, ಅಂದರೆ ಕಾರ್ಖಾನೆಯಿಂದ ಹೇಗೆ ಹೊರಬಂತೋ ಹಾಗೆಯೇ ಉಳಿದ ಗಾಡಿಗೆ. ಬಣ್ಣ ಸಿಪ್ಪೆ ಎದ್ದಿರಲಿ, ಸೀಟು ಹರಿದಿರಲಿ, ಪರವಾಗಿಲ್ಲ. ಯಾರೂ ಬದಲಾಯಿಸಿರಬಾರದು, ತೇಪೆ ಹಾಕಿರಬಾರದು. ಲೋಕದಲ್ಲಿ ಕೆಲಸ ಮಾಡಿದವರಿಗೆ ಬಹುಮಾನ ಕೊಡುತ್ತಾರೆ. ಇಲ್ಲಿ ಮಾತ್ರ ಏನೂ ಮಾಡದೆ ಕೂತವನಿಗೆ.

ಏನೂ ಮಾಡದಿರುವುದರಲ್ಲಿ ಕ್ಯಾಸ್‌ನನ್ನು ಮೀರಿಸುವವರು ಸೌತ್ ಬೆಂಡ್ ಊರಿನಲ್ಲೇ ಇರಲಿಲ್ಲ. ಅವನು ಶೂ ಅಂಗಡಿಯ ಮ್ಯಾನೇಜರ್. ಲೇಸ್ ಕಟ್ಟುವುದಕ್ಕಿಂತ ಕಷ್ಟದ ಕೆಲಸವನ್ನು ಆ ಕೈಗಳು ಮಾಡಿದ್ದಿಲ್ಲ. ಅವನಪ್ಪ ಸ್ಟಾನಿಸ್ಲಾವ್ ಹಾಗಲ್ಲ. ಸ್ಟುಡಿಬೇಕರ್ ಕಾರ್ಖಾನೆಯಲ್ಲಿ ಗಾಡಿಗಳಿಗೆ ಬಾಗಿಲು ಕೂರಿಸುತ್ತಿದ್ದ, ಕಾರ್ಖಾನೆ ಮುಚ್ಚುವ ತನಕ. ಐವತ್ತನೇ ಇಸವಿಯ, ಚಾಂಪಿಯನ್ ಮಾದರಿಯ ಈ ಹಸಿರು ಗಾಡಿಗೂ ಅವನೇ ಬಾಗಿಲು ಕೂರಿಸಿ, ಅದನ್ನೇ ಕೊಂಡು, ಮನೆಗೆ ಓಡಿಸಿಕೊಂಡು ಬಂದಿದ್ದ.

ಆ ಗಾಡಿಯ ರೂಪವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮೂತಿಯ ನಡುವೆ ಗುಂಡಗೆ ಚಾಚಿಕೊಂಡ ಒಂದು ದೊಡ್ಡ ಮೂಗು, ರೆಕ್ಕೆ ಕಳಚಿ ರಸ್ತೆಗಿಳಿದ ವಿಮಾನದ್ದು. ಯುದ್ಧ ಮುಗಿದು ಎಲ್ಲರ ಕಣ್ಣೂ ಆಕಾಶದ ಮೇಲಿದ್ದ ಕಾಲ ಅದು. ಅದಕ್ಕೂ ಸ್ವಲ್ಪ ಮೊದಲು ಇದೇ ಕಂಪನಿ ಹಿಂದಿನ ಗಾಜನ್ನು ಮುಂದಿನದಕ್ಕಿಂತ ಅಗಲ ಮಾಡಿ, ಗಾಡಿ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ ಎಂದು ದೇಶವನ್ನೇ ನಗಿಸಿತ್ತು. ಕಮ್ಮಾರ ಅಣ್ಣತಮ್ಮಂದಿರು ಕುದುರೆ ಬಂಡಿ ಕಟ್ಟಲು ಶುರು ಮಾಡಿದ ಕಂಪನಿ. ಚಿನ್ನ ಅಗೆಯಲು ಹೋದವರಿಗೆ ಅವರಲ್ಲೊಬ್ಬ ತಳ್ಳುಗಾಡಿ ಮಾಡಿಕೊಟ್ಟ, ಸೈನ್ಯಕ್ಕೆ ಬಂಡಿ ಕೊಟ್ಟರು, ಕೊನೆಗೆ ಕುದುರೆಯನ್ನು ಬಿಚ್ಚಿ ಮೋಟಾರು ಕೂರಿಸಿದರು. ನೂರು ವರ್ಷ ದಾಟಿಸಿ, ಅರವತ್ತಮೂರರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಎದುರಿಗಿರುವಾಗ ಈ ಊರಿನ ಕಾರ್ಖಾನೆಯ ಬಾಗಿಲು ಹಾಕಿದರು. ಅವತ್ತು ಮನೆಗೆ ಬಂದ ಅಪ್ಪ ಊಟದ ಡಬ್ಬಿಯನ್ನು ತೊಳೆಯದೆ ಹಾಗೇ ಅಟ್ಟಕ್ಕೆ ಎಸೆದದ್ದು ಕ್ಯಾಸ್‌ಗೆ ಇನ್ನೂ ನೆನಪಿದೆ.

ಬಹುಮಾನ ಗೆದ್ದವರು ವೇದಿಕೆ ಹತ್ತಿ ಮೈಕಿನಲ್ಲಿ ಎರಡು ಮಾತು ಆಡಬಹುದಿತ್ತು. ಕ್ಯಾಸ್‌ಗೆ ಬೇಕಾಗಿದ್ದದ್ದು ಅದೊಂದೇ. ಪ್ರದರ್ಶನ ನಡೆಯುವುದು ಊರಾಚೆ, ಕಂಪನಿಯವರು ಗಾಡಿ ಓಡಿಸಿ ಪರೀಕ್ಷಿಸುತ್ತಿದ್ದ ಹಳೆಯ ಮೈದಾನದಲ್ಲಿ. ಈಗ ಅದು ಉದ್ಯಾನ. ಅಲ್ಲಿ ಪೈನ್ ಮರಗಳನ್ನೇ ಅಕ್ಷರವಾಗಿ ನೆಟ್ಟು ಕಂಪನಿಯ ಹೆಸರು ಬರೆದಿದ್ದಾರೆ, ಆಕಾಶದಿಂದ ನೋಡಿದರೆ ಓದಬಹುದು. ಬಾಗಿಲು ಕೂರಿಸಿದವನ ಹೆಸರು ಮಾತ್ರ ಮರದಲ್ಲೂ ಇಲ್ಲ, ಗಾಡಿಯಲ್ಲೂ ಇಲ್ಲ. ಆ ನೆಲದ ಮೇಲೆ ಒಂದು ಸಲ, ಎಲ್ಲರಿಗೂ ಕೇಳುವಂತೆ, ಸ್ಟಾನಿಸ್ಲಾವ್ ಗೋರ್ನಿ ಎಂಬ ಹೆಸರು ಮೊಳಗಬೇಕು. ಅದಕ್ಕಾಗಿ ಅವನು ಒಂದು ವಾರದಿಂದ ಕನ್ನಡಿಯ ಮುಂದೆ ಮಾತು ಕಲಿಯುತ್ತಿದ್ದ. ಹೆಂಡತಿ ಲೋರೇನ್‌ಗೆ ಆ ಭಾಷಣ ಅವನಿಗಿಂತ ಚೆನ್ನಾಗಿ ಬಾಯಿಗೆ ಬಂದಿತ್ತು.

ಗಾಡಿಯನ್ನು ಹೊರಗೆ ತೆಗೆಯುತ್ತಿದ್ದಂತೆ ಎದುರು ಮನೆಯ ಲೂಷಸ್ ಟಾಲಿವರ್ ಬಂದ. ಅದೇ ಕಾರ್ಖಾನೆಯ ಫೌಂಡ್ರಿಯಲ್ಲಿ ಕಬ್ಬಿಣ ಎರೆಯುತ್ತಿದ್ದವನು, ಆಮೇಲೆ ಇಂಜಿನ್ ವಿಭಾಗ ಸೇರಿದವನು, ಈಗ ತನ್ನ ಚರ್ಚಿನಲ್ಲಿ ಹಿರಿಯ. ತಲೆಯನ್ನು ಒಂದು ಕಡೆಗೆ ವಾಲಿಸಿ ಇಂಜಿನ್ನಿನ ಸದ್ದು ಕೇಳಿಸಿಕೊಂಡ, ಡಾಕ್ಟರು ಎದೆ ಕೇಳುವ ಹಾಗೆ.

"ಕೆಮ್ಮುತ್ತಿದೆ, ಕ್ಯಾಸ್."

"ಕೆಮ್ಮಲಿ. ಐವತ್ತರಲ್ಲೂ ಕೆಮ್ತಿತ್ತು."

"ಒಂದು ನಿಮಿಷದ ಕೆಲಸ."

ಕ್ಯಾಸ್ ಗಾಜು ಏರಿಸಿದ. ಲೂಷಸ್ ಹೆಚ್ಚು ಒತ್ತಾಯ ಮಾಡದೆ, ತನ್ನ ವ್ಯಾನಿನಲ್ಲಿ ಇರ್ಮಾಳನ್ನು ಕೂರಿಸಿಕೊಂಡು, ಅವಳ ಗಸಗಸೆ ರೊಟ್ಟಿಯ ತಟ್ಟೆಯನ್ನೂ ಇಟ್ಟುಕೊಂಡು ಹಿಂದೆಯೇ ಹೊರಟ. ಅವನ ವ್ಯಾನಿನ ತುಂಬ ಉಪಕರಣಗಳೇ ಇರುತ್ತಿದ್ದವು.

ಊರು ದಾಟುವ ಮೊದಲೇ, ಸಿಗ್ನಲ್ಲಿನಲ್ಲಿ, ಗಾಡಿ ಎರಡು ಸಲ ಕುಲುಕಿ ನಿಂತುಬಿಟ್ಟಿತು. ಬೇರೆ ಊರಾಗಿದ್ದರೆ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಇಲ್ಲಿ ಹಾಗಲ್ಲ. ಸ್ಟುಡಿಬೇಕರ್ ನಿಂತದ್ದು ಕಂಡರೆ ಒಂದು ವಯಸ್ಸು ದಾಟಿದವರೆಲ್ಲ ತಮ್ಮ ತಮ್ಮ ಗಾಡಿ ಬಿಟ್ಟು ಇಳಿಯುತ್ತಾರೆ. ಒಬ್ಬ ತಾನು ಬ್ರೇಕ್ ವಿಭಾಗದಲ್ಲಿದ್ದೆ ಎಂದ, ಇನ್ನೊಬ್ಬ ತನ್ನ ಭಾವ ಇದರ ಪಂಪ್ ಜೋಡಿಸುತ್ತಿದ್ದ ಎಂದ, ಮೂರನೆಯವನು ಏನೂ ಹೇಳದೆ ಕೋಟು ಬಿಚ್ಚಿದ. ಕ್ಯಾಸ್ ಓಡಿ ಬಂದು ಬಾನೆಟ್ಟಿನ ಮೇಲೆ ಬೋರಲು ಬಿದ್ದು, ಆ ದೊಡ್ಡ ಮೂಗನ್ನು ತಬ್ಬಿಕೊಂಡ. ಯಾರೂ ಮುಟ್ಟಕೂಡದು ಎಂದು ಕೂಗಿದ. ಸತ್ತ ಗಾಡಿಗೆ ಯಾರಾದರೂ ಹೀಗೆ ಮದ್ದು ಬೇಡವೆನ್ನುತ್ತಾರೆಯೇ ಎಂದು ಮುದುಕರು ಮುಖ ಮುಖ ನೋಡಿಕೊಂಡರು.

ಇಂಜಿನ್ ಬಿಸಿಯಾಗಿರಬೇಕು, ಹೋಗಿ ಪೆಟ್ರೋಲ್ ಬಂಕಿನಲ್ಲಿ ಒಂದು ಜಗ್ಗು ನೀರು ತಾ ಎಂದಳು ಪಕ್ಕದ ಸೀಟಿನಲ್ಲಿದ್ದ ಲೋರೇನ್. ಇಂಜಿನ್ನಿಗೆ ನೀರು ಹಾಕಲು ಮಾತ್ರ ನಿಯಮದಲ್ಲಿ ಅಡ್ಡಿಯಿರಲಿಲ್ಲ. ಅವನು ಹೋಗಿ ಬರುವಷ್ಟರಲ್ಲಿ ಇಂಜಿನ್ ಹಾಡುತ್ತಿತ್ತು. ತಾನಾಗಿಯೇ ಸರಿಹೋಯಿತು ಎಂದಳು ಲೋರೇನ್, ಕಿಟಕಿಯ ಆಚೆ ನೋಡುತ್ತ. ಲೂಷಸ್ ವ್ಯಾನಿನಲ್ಲಿ ಕೂತು ಕೈ ಒರೆಸಿಕೊಳ್ಳುತ್ತಿದ್ದ. ಅಪ್ಪನ ಕಾಲದವರ ಕೆಲಸ ಎಂದರೆ ಹೀಗೆ, ಕೈ ಹಾಕದಿದ್ದರೆ ತಾನೇ ತನ್ನನ್ನು ನೋಡಿಕೊಳ್ಳುತ್ತದೆ ಎಂದು ಕ್ಯಾಸ್ ದಾರಿಯುದ್ದಕ್ಕೂ ಹೇಳುತ್ತ ಬಂದ. ಲೋರೇನ್ ಹೂಂ ಎನ್ನುತ್ತಿದ್ದಳು.

ಮೈದಾನದ ಬಾಗಿಲಲ್ಲಿ ಸಂಘದ ಹೆಂಗಸೊಬ್ಬಳು ಮುಂದಿನ ಗಾಜಿಗೆ ನಂಬರಿನ ಚೀಟಿ ಅಂಟಿಸಲು ಬಂದಳು. ಅಂಟು ಕಾರ್ಖಾನೆಯದಲ್ಲವಲ್ಲ ಎಂದ ಕ್ಯಾಸ್. ಕೊನೆಗೆ ಚೀಟಿಯನ್ನು ತನ್ನ ಎದೆಗೇ ಅಂಟಿಸಿಕೊಂಡು ಗಾಡಿಯ ಪಕ್ಕದಲ್ಲಿ ನಿಂತ. ಹೋಗಿ ಬರುವವರಲ್ಲಿ ಕೆಲವರು ಅವನನ್ನೇ ಸುತ್ತು ಹಾಕಿ ನೋಡಿ, ಇವನಿಗೆ ಬಣ್ಣ ಮಾಸಿದೆ ಎಂದು ತಮಾಷೆ ಮಾಡಿದರು.

ತೀರ್ಪು ಕೊಡಲು ಬಂದವಳು ಒಹಾಯೋ ಕಡೆಯ ಮಿಸ್ ಪ್ರೆಂಟಿಸ್. ಕೈಯಲ್ಲಿ ಪುಟ್ಟ ಟಾರ್ಚು, ಹಲ್ಲಿನ ಡಾಕ್ಟರ ಬಳಿ ಇರುವಂಥ ಕನ್ನಡಿ. ಮೂಗು ನೋಡಿದಳು, ಚಕ್ರದ ಬಟ್ಟಲು ನೋಡಿದಳು, ಸೀಟಿನ ಬಟ್ಟೆಯನ್ನು ಬೆರಳಲ್ಲಿ ಸವರಿ, ಇಷ್ಟು ಮರ್ಯಾದೆಯಿಂದ ಮುದಿಯಾದ ಗಾಡಿಯನ್ನು ತಾನು ಬಹಳ ದಿನದಿಂದ ಕಂಡಿಲ್ಲ ಎಂದಳು. ಚಾಲಕನ ಬಾಗಿಲನ್ನು ತೆಗೆದು ಹಾಕಿದಳು. ಅದು ಮೆತ್ತಗೆ, ತುಂಬಿದ ಸದ್ದು ಮಾಡಿ ಕೂತಿತು. ನಮ್ಮಪ್ಪನ ಕೆಲಸ ಎಂದು ಹೇಳಹೊರಟ ಕ್ಯಾಸ್ ಮೈಕಿಗೆಂದು ಅದನ್ನು ಉಳಿಸಿಕೊಂಡ.

ಅವಳು ಬಾಗಿಲನ್ನು ಮತ್ತೆ ತೆಗೆದು, ಕೀಲಿನ ಹಿಂದೆ ಕನ್ನಡಿ ಹಿಡಿದಳು. ಅಲ್ಲೊಂದು ತಗಡಿನ ಚೂರು ಸಿಕ್ಕಿಸಿತ್ತು. ಕಾಫಿ ಡಬ್ಬಿಯಿಂದ ಕತ್ತರಿಸಿದ್ದು, ಮೇಲೆ ಅರ್ಧ ಅಕ್ಷರ ಕೂಡ ಕಾಣುತ್ತಿತ್ತು.

"ಇದು ಕಾರ್ಖಾನೆಯದಲ್ಲ. ಯಾರೋ ಆಮೇಲೆ ಕೈ ಹಾಕಿದ್ದಾರೆ."

ಕ್ಯಾಸ್‌ಗೆ ಮೈಯೆಲ್ಲ ಉರಿಯಿತು. "ಅಪ್ಪ ಹೋದ ಮೇಲೆ ಈ ಗಾಡಿಗೆ ಗಾಳಿ ಬಿಟ್ಟು ಇನ್ನೇನೂ ತಾಗಿಲ್ಲ. ಬೇಕಾದ್ರೆ ಇವರನ್ನ ಕೇಳಿ. ಪಕ್ಕದ ಮನೆ, ಎದುರು ಮನೆಯೋರು. ಚರ್ಚಿನ ಹಿರಿಯರು ಇವರು, ಪ್ರಾಣ ಹೋದ್ರೂ ಸುಳ್ಳು ಹೇಳಲ್ಲ."

ಮಿಸ್ ಪ್ರೆಂಟಿಸ್ ಲೂಷಸ್ ಕಡೆ ತಿರುಗಿದಳು. ಲೂಷಸ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ನನ್ನ ಕೇಳದೇ ಇದ್ದಿದ್ರೆ ಚೆನ್ನಾಗಿರ್ತಿತ್ತಮ್ಮ," ಎಂದ. "ಕಾರ್ಬೊರೇಟರು ನಂದು. ನೀರಿನ ಪಂಪೂ ನಂದೇ. ಇವನು ಶೂ ಕಂಪನಿ ಸಭೆಗೆ ಅಂತ ಚಿಕಾಗೋಗೆ ಹೋದಾಗ ಇಂಜಿನ್ನನ್ನೇ ಪೂರ್ತಿ ಇಳಿಸಿದ್ವಿ."

ಒಬ್ಬ ಬಾಯಿಬಿಟ್ಟ ಮೇಲೆ ಉಳಿದವರಿಗೆ ತಡೆ ಇರಲಿಲ್ಲ. ಸೀಟೆಲ್ಲ ಇಲಿ ತಿಂದು ಹಾಳು ಮಾಡಿದ್ದನ್ನು ತಾನು ಹೊಸದಾಗಿ ಹೊಲಿದೆ, ಹಳತಿನಂತೆಯೇ ಕಾಣಲೆಂದು ಬಟ್ಟೆಯನ್ನು ಟೀ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಾಕಿದೆ ಎಂದಳು ಇರ್ಮಾ. ಕಾರ್ಖಾನೆಯಲ್ಲಿದ್ದಾಗ ಅವಳ ಕೆಲಸವೇ ಸೀಟು ಹೊಲಿಯುವುದು. ಮಿಸ್ ಪ್ರೆಂಟಿಸ್ ಮತ್ತೊಮ್ಮೆ ಸೀಟನ್ನು ಮುಟ್ಟಿ, ತನ್ನ ಬೆರಳನ್ನೇ ನಂಬದವಳಂತೆ ನೋಡಿಕೊಂಡಳು. ತುಕ್ಕು ಹಿಡಿದಿದ್ದ ಮಡ್‌ಗಾರ್ಡುಗಳಿಗೆ ಪೇಂಟ್ ವಿಭಾಗದ ಮುದುಕರಿಬ್ಬರು ಬಣ್ಣ ಬಳಿದು, ಹೊಳೆಯಬಾರದೆಂದು ಅದಕ್ಕೆ ಬೂದಿ ತಿಕ್ಕಿದ್ದರಂತೆ. ಪಾಪ, ಇಬ್ಬರೂ ಈಗಿಲ್ಲ. ಗ್ಯಾರೇಜಿನ ಬೀಗದ ಕೈ ಕೊಡುತ್ತಿದ್ದವಳು, ಕೆಲಸ ನಡೆಯುವಾಗ ಕಾಫಿ ಮಾಡಿಕೊಡುತ್ತಿದ್ದವಳು ಲೋರೇನ್.

"ನೀನೂನಾ?" ಎಂದ ಕ್ಯಾಸ್.

"ಸಿಗ್ನಲ್‌ನಲ್ಲಿ ನೀರು ತಾ ಅಂತ ಕಳಿಸಿದ್ದು ಯಾಕೆ ಅಂದ್ಕೊಂಡೆ?" ಎಂದಳು ಲೋರೇನ್. ಅವಳ ಕಣ್ಣಲ್ಲಿ ನೀರಿತ್ತು.

ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಚಳಿಗಾಲವಿಡೀ ನಿಂತರೂ ವಸಂತದಲ್ಲಿ ಕೀ ಒಂದೇ ಸಲ ತಿರುಗಿಸಿದರೆ ಗಾಡಿ ಶುರುವಾಗುತ್ತದೆ ಎಂದು ಶೂ ಕೊಳ್ಳಲು ಬಂದವರನ್ನೆಲ್ಲ ಕೂರಿಸಿಕೊಂಡು ಕೊಚ್ಚಿದ್ದು ನೆನಪಾಗಿ, ಎಲ್ಲಾದರೂ ಅಡಗಿಕೊಳ್ಳೋಣ ಎನ್ನಿಸಿತು. ನನ್ನನ್ನು ಯಾಕೆ ಹೀಗೆ ಮಂಗ ಮಾಡಿದಿರಿ ಎಂದು ಕೇಳಿದ. ಲೂಷಸ್‌ನೇ ಹೇಳಬೇಕಾಯಿತು.

"ಸ್ಟಾನ್ ಆಸ್ಪತ್ರೇಲಿದ್ದಾಗ ನನ್ನನ್ನ ಕರೆಸಿದ್ದ. ನನ್ನ ಮಗ ಈ ಗಾಡೀನ ದೇವರು ಮಾಡಿ ಕೂರಿಸ್ಬಿಡ್ತಾನೆ, ಮುಟ್ಟೋಕೆ ಬಿಡಲ್ಲ, ಮುಟ್ಟದೆ ಯಾವ ಗಾಡಿ ಉಳಿಯುತ್ತೆ ಲೂಷಸ್, ಅಂದ. ನೀವು ನೋಡ್ಕೊಳ್ಳಿ, ಅವನಿಗೆ ಗೊತ್ತಾಗೋದು ಬೇಡ ಅಂದ. ಅಷ್ಟೇ ಕಣಯ್ಯಾ. ಮಾತು ಕೊಟ್ಟಿದ್ದೆ."

ಕ್ಯಾಸ್ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತ. ಸರಿ, ಎಲ್ಲ ಬದಲಾಯಿತು, ಈ ತಗಡು ಯಾರದು, ಬಾಗಿಲಿಗೆ ಕೈ ಹಾಕಿದವರು ಯಾರು ಎಂದ. ಅವರೆಲ್ಲ ಒಬ್ಬರನ್ನೊಬ್ಬರು ನೋಡಿದರು. ತಮ್ಮದಲ್ಲ ಎಂದರು. ಲೂಷಸ್ ಮಂಡಿಯೂರಿ, ಕನ್ನಡಿ ಇಸಕೊಂಡು, ಟಾರ್ಚು ಬಿಟ್ಟು ನೋಡಿದ.

"ಇದು ನಿಮ್ಮಪ್ಪಂದೇ," ಎಂದ. "ಮೂಲೆ ಮಡಚಿದಾನೆ ನೋಡು, ಯಾರ ಕೈಯೂ ಕುಯ್ಯಬಾರ್ದು ಅಂತ. ಇಡೀ ವಿಭಾಗದಲ್ಲಿ ಹೀಗೆ ಮಾಡ್ತಿದ್ದೋನು ಅವನೊಬ್ನೇ. ವಯಸ್ಸಾಗಿ ಬಾಗಿಲು ಇಳಿದಿರ್ಬೇಕು, ಎತ್ತಿ ಕೂರಿಸಿದಾನೆ. ನೀನು ಅಂಗಡಿಗೆ ಹೋದಾಗ."

ಕ್ಯಾಸ್ ಆ ಮಡಚಿದ ಮೂಲೆಯನ್ನು ಬೆರಳಿನಿಂದ ಮುಟ್ಟಿದ. ಆಗ ಅವನಿಗೆ ನಿಜವಾಗಿಯೂ ಅಳು ಬಂತು. ಮಿಸ್ ಪ್ರೆಂಟಿಸ್ ಒಳ್ಳೆಯ ಹೆಂಗಸು, ಸ್ವಲ್ಪ ಹೊತ್ತು ಬೇರೆ ಕಡೆ ನೋಡಿದಳು. ಆದರೆ ನಿಯಮದಲ್ಲಿ ಅಪ್ಪನಿಗೂ ವಿನಾಯಿತಿ ಇರಲಿಲ್ಲ. ಉಳಿದದ್ದೆಲ್ಲ ಹಾಗಿರಲಿ, ಆ ತಗಡೊಂದೇ ಸಾಕಿತ್ತು ಗಾಡಿಯನ್ನು ಹೊರಗಿಡಲು. ಹಾಗೆಂದು ಮೆಲ್ಲಗೆ ಹೇಳಿ ಮುಂದಿನ ಗಾಡಿಗೆ ಹೋದಳು.

ಇನ್ನು ಅಲ್ಲಿ ಏನು ಕೆಲಸ? ಕ್ಯಾಸ್ ಎದೆಯ ಚೀಟಿ ಕಿತ್ತು, ಲೋರೇನ್‌ಳನ್ನು ಕೂರಿಸಿಕೊಂಡು ಹೊರಟ. ಬಹುಮಾನದ ಗಾಡಿಗಳು ವೇದಿಕೆಗೆ ಹೋಗುವ ದಾರಿಗೆ ಅಡ್ಡಲಾಗಿ ಬಂದದ್ದೇ ತಡ, ಇಂಜಿನ್ ಕೆಮ್ಮಿ, ಕುಲುಕಿ, ನಿಂತಿತು. ಕೀ ತಿರುಗಿಸಿದ. ಮತ್ತೆ ತಿರುಗಿಸಿದ. ಗೆದ್ದವರ ಗಾಡಿಗಳು ರಿಬ್ಬನ್ನು ಕಟ್ಟಿಕೊಂಡು ಹಿಂದೆ ಸಾಲುಗಟ್ಟಿದವು. ಬಾಗಿಲಲ್ಲಿ ಚೀಟಿ ಅಂಟಿಸಲು ಬಂದಿದ್ದ ಹೆಂಗಸೇ ಓಡಿ ಬಂದು, ಮೈಕಿನಲ್ಲಿ ಕೂಗಬೇಕಾಗಿದೆ, ಈ ಗಾಡಿ ಯಾರದು, ಹೆಸರು ಹೇಳಿ ಎಂದಳು.

ಕ್ಯಾಸ್ ಬಾಯಿ ತೆರೆದ. ಪೈನ್ ಮರಗಳ ಕಡೆ ನೋಡಿ ಹೆಸರು ಹೇಳಿದ. ಲೋರೇನ್ ತಿರುಗಿ ಅವನ ಮುಖ ನೋಡಿದಳು.

ಧ್ವನಿವರ್ಧಕ ಒಮ್ಮೆ ಕಿರುಗುಟ್ಟಿತು. ಆಮೇಲೆ ಆ ಮೈದಾನದ ಮೂಲೆಮೂಲೆಗೂ, ಪೈನ್ ಮರಗಳ ತನಕ, ಸ್ಪಷ್ಟವಾಗಿ ಕೇಳಿಸಿತು: "ಸ್ಟಾನಿಸ್ಲಾವ್ ಗೋರ್ನಿ, ಸ್ಟಾನಿಸ್ಲಾವ್ ಗೋರ್ನಿ, ನಿಮ್ಮ ಹಸಿರು ಗಾಡಿ ದಾರಿಗೆ ಅಡ್ಡ ಇದೆ. ದಯವಿಟ್ಟು ಬಂದು ತೆಗೆಯಿರಿ."

ಡೇರೆಗಳ ನೆರಳಲ್ಲಿ, ಮಡಿಸುವ ಕುರ್ಚಿಗಳಲ್ಲಿ ಕೂತಿದ್ದ ಮುದುಕರು ತಲೆಯೆತ್ತಿದರು. ಒಬ್ಬ ಎದ್ದ, ಇನ್ನೊಬ್ಬ ಕೋಲು ಹುಡುಕಿಕೊಂಡ. ಯಾವ ಸ್ಟಾನ್, ಬಾಗಿಲಿನ ಸ್ಟಾನ್ ಏನು ಎಂದು ಪಕ್ಕದವರನ್ನು ಕೇಳುತ್ತ ಅವರು ಹಸಿರು ಗಾಡಿಯ ಕಡೆ ನಡೆದು ಬರತೊಡಗಿದರು. ಬರುವಾಗಲೇ ಅಂಗಿಯ ತೋಳು ಮೇಲಕ್ಕೆ ಮಡಚಿಕೊಳ್ಳುತ್ತಿದ್ದರು. ಕ್ಯಾಸ್ ಇಳಿದು, ಬಾನೆಟ್ ಎತ್ತಿ, ಪಕ್ಕಕ್ಕೆ ಸರಿದು ನಿಂತ.