ಎರಡನೇ ಬಾಗಿಲಿನ ಕೋತಿರಾಯರಿಗೆ ಒಂದು ಕನ್ನಡಕದ ಅಹವಾಲು

ಚಿತ್ರದುರ್ಗದ ಕೋಟೆಯ ಎರಡನೇ ಬಾಗಿಲ ಮೇಲೆ ಬಾಲ ಇಳಿಬಿಟ್ಟು ಆಸೀನರಾಗಿರುವ ಮಾನ್ಯ ಕೋತಿರಾಯರೇ,

ಹಿರಿಯೂರಿನ ಕುರಿ ದಲ್ಲಾಳಿ ಕರಿಯಣ್ಣನ ದೀರ್ಘದಂಡ ನಮಸ್ಕಾರಗಳು. ತಮ್ಮ ಮಕ್ಕಳುಮರಿಗಳೆಲ್ಲ ಕ್ಷೇಮವೆಂದೂ, ಪ್ರವಾಸಿಗರ ಚೀಲಗಳು ಎಂದಿನಂತೆ ತುಂಬಿಯೇ ಬರುತ್ತಿವೆಯೆಂದೂ ನಂಬಿದ್ದೇನೆ.

ಕಳೆದ ಭಾನುವಾರ ನನ್ನ ತಾಯಿ ಕಾಳಕ್ಕನನ್ನು ದುರ್ಗಕ್ಕೆ ಕರೆತಂದಿದ್ದೆ. ಹಿರೇಗುಂಟನೂರಿನಲ್ಲಿ ಕುರಿ ಕಾಯುತ್ತಿದ್ದ ಕಾಲದಿಂದಲೂ ಅವ್ವ ಈ ಬೆಟ್ಟವನ್ನು ದೂರದಿಂದಲೇ ಕಂಡವಳು. ಕಣ್ಣಿನ ಪೊರೆ ತೆಗೆಸಿ ಹೊಸ ಕನ್ನಡಕ ಬಂದ ಮೇಲೆ, ಕೋಟೆಯನ್ನು ಒಳಗೆ ಹೋಗಿ ನೋಡಲೇಬೇಕೆಂದು ಹಟ ಹಿಡಿದಿದ್ದಳು. ಬೆಳಿಗ್ಗೆ ಪೇಟೆಯ ಹಳೆಯ ಅಂಗಡಿಗಳನ್ನೆಲ್ಲ ಸುತ್ತಿ, ಒಂದು ಕಂಬಳಿಗಾಗಿ ಅಂಗಡಿಯವರೆಲ್ಲರ ತಾಳ್ಮೆ ಪರೀಕ್ಷಿಸಿ, ಏನನ್ನೂ ಕೊಳ್ಳದೆ ಕೋಟೆಗೆ ಬಂದೆವು. ಅವ್ವ ತಲೆಯೆತ್ತಿ ಬಾಗಿಲು ನೋಡುವಷ್ಟರಲ್ಲಿ ತಾವು ಹಿಂದಿನಿಂದ ಇಳಿದು ಕನ್ನಡಕ ತೆಗೆದುಕೊಂಡಿರಿ. ಮೂಗಿಗೆ ಒಂದು ಗೀರೂ ಬೀಳಲಿಲ್ಲವೆಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಬೇರೆಯವರಾಗಿದ್ದರೆ ಕಲ್ಲೆಸೆಯುತ್ತಿದ್ದರು. ನಾನು ಕುರಿಸಂತೆಯ ಪದ್ಧತಿಯಂತೆ ತಮ್ಮೆದುರು ಕುಕ್ಕರಗಾಲಲ್ಲಿ ಕುಳಿತು, ಯಾರಿಗೂ ದರ ಕಾಣದಂತೆ ಕೈಮೇಲೆ ಟವೆಲ್ ಹೊದಿಸಿ, ಒಂದು ಬೆರಳು ಚಾಚಿದೆ; ಅಂದರೆ ಒಂದು ಬಾಳೆಹಣ್ಣು. ತಾವು ಟವೆಲ್ಲಿನೊಳಗೆ ಕೈಯಿಟ್ಟು ಐದೂ ಬೆರಳು ಹಿಡಿದಿರಿ. ಇಷ್ಟು ಖಡಾಖಂಡಿತವಾಗಿ ದರ ಹೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ಐದೂ ಹಣ್ಣು ತಂದುಕೊಟ್ಟೆ. ತಾವು ಹಣ್ಣು ತಿಂದು, ಕನ್ನಡಕ ಇಟ್ಟುಕೊಂಡು, ಟವೆಲ್ಲನ್ನೂ ಒಯ್ದಿರಿ. ಕೈ ಹಿಡಿದ ಮೇಲೆ ಮಾತು ತಪ್ಪುವುದು ನಮ್ಮ ಸಂತೆಯಲ್ಲಿಲ್ಲ, ಸ್ವಾಮಿ.

ಅವ್ವ ನನ್ನ ಭುಜ ಹಿಡಿದು ಕೋಟೆ ಸುತ್ತಿದಳು. ಕಂಡದ್ದೆಲ್ಲ ಬರೀ ಮಂಜು. ನನಗೆ ಅಳುವೇ ಬಂತು. ಆಕೆಯೋ, ಕನ್ನಡಕ ಕೆಳಗೆ ಬಿದ್ದು ಯಾರೋ ಹಿರಿಯರಿಗೆ ಸಿಕ್ಕಿತೆಂದು ತಿಳಿದಿದ್ದಾಳೆ. "ಕಂಬಳಿ ಹೊದ್ಕಂಡು ಕುಂತಿದ್ರಲ್ಲ, ಆ ಯಜಮಾನ್ರು ಯಾರಲೇ? ಒಂದು ಮಾತೂ ಆಡ್ದಂಗೆ ನಿನ್ನ ಸೋಲ್ಸಿದ್ರಲ್ಲ! ವ್ಯಾಪಾರ ಅಂದ್ರೆ ಅದು ನೋಡು" ಎಂದು ಹಿರಿಯೂರು ಬರುವವರೆಗೂ ತಮ್ಮನ್ನು ಕೊಂಡಾಡಿದಳು. ಅದು ಕೋತಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆದ್ದರಿಂದ ತಾವು ಕನ್ನಡಕವನ್ನು ಹಿಂದಿರುಗಿಸಬೇಕು. ಆಗದಿದ್ದರೆ ಹಿರಿಯೂರಿಗೆ ದಯಮಾಡಿಸಿ, ನನ್ನ ದಲ್ಲಾಳಿತನದಲ್ಲಿ ಅರ್ಧ ಪಾಲುದಾರರಾಗಬೇಕೆಂದು ಬೇಡುತ್ತೇನೆ.

ಸೋತು ಸುಣ್ಣವಾದ, ಆದರೂ ತಮ್ಮ ವಿಶ್ವಾಸಿ,
ಕರಿಯಣ್ಣ

ತಾ.ಕ.: ಅವ್ವನಿಗೆ ಬೇರೆ ಕನ್ನಡಕ ಬಂದಿದೆ. ಈಗ ಕೋಟೆ ಆಮೇಲಂತೆ, ಮೊದಲು ಆ ಯಜಮಾನರ ಮುಖ ನೋಡಬೇಕಂತೆ. ಭಾನುವಾರ ಒಂದು ಗಳಿಗೆ ತಮ್ಮ ಜಾಗ ಬಿಟ್ಟುಕೊಟ್ಟರೆ ನಮ್ಮ ದಲ್ಲಾಳಿಗಳಲ್ಲೇ ಒಬ್ಬರನ್ನು ಕಂಬಳಿ ಹೊದಿಸಿ ಕೂರಿಸುತ್ತೇನೆ; ಅವರ ವ್ಯವಹಾರ ಬಲ್ಲ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.