ಗಂಟೆ ಕಟ್ಟಿದವನನ್ನು ಏನೆನ್ನಬೇಕು

ಮಹದೇವಪುರದ ಆ ಅಪಾರ್ಟ್‌ಮೆಂಟಿನ ಚರಿತ್ರೆಯಲ್ಲಿ, ನೆಲಮಾಳಿಗೆಯಲ್ಲಿ ಕಾರುಗಳು ತೇಲಿದ ವರ್ಷವನ್ನು ಬಿಟ್ಟರೆ, ಇಷ್ಟು ಗಂಭೀರವಾದ ಪ್ರಶ್ನೆ ಎದ್ದಿರಲಿಲ್ಲ: ಪಂಪ್ ಆಪರೇಟರ್ ಹುಲಿಗೆಪ್ಪನ ಸನ್ಮಾನಫಲಕದ ಮೇಲೆ ಏನೆಂದು ಕೊರೆಸಬೇಕು?

ತಾರಸಿಯ ಟ್ಯಾಂಕಿನಲ್ಲಿ ನೀರು ಇಳಿದರೆ ಹೊಡೆದುಕೊಳ್ಳುವ ಗಂಟೆಯೊಂದನ್ನು ಅವನು ಹವಾಯಿ ಚಪ್ಪಲಿ, ಸೈಕಲ್ ಬೆಲ್ಲು, ಸತ್ತ ಮಿಕ್ಸಿಯ ಮೋಟಾರು ಸೇರಿಸಿ ಮಾಡಿದ್ದ. ಸಂಜೆ ಸನ್ಮಾನ, ಜೊತೆಗೆ, ಏಳು ವರ್ಷದಿಂದ ತಾತ್ಕಾಲಿಕವಾಗಿದ್ದ ನೌಕರಿ ಕಾಯಂ ಆಗುವ ಘೋಷಣೆ. ಸುರಪುರದ ಕಡೆಯಿಂದ ಬಂದ ಹುಲಿಗೆಪ್ಪನಿಗೆ ಬೇಕಿದ್ದದ್ದು ಎರಡನೆಯದು. ಬೆಳಗಿನಿಂದ ತಾರಸಿಗೂ ಸಂಘದ ಕಚೇರಿಗೂ ಕೆಟ್ಟ ಲಿಫ್ಟಿನಂತೆ ಹತ್ತಿಳಿಯುತ್ತಿದ್ದ.

ಫಲಕ ಕೊರೆಯುವ ಸಕ್ಲೇನ್ ಶಿವಾಜಿನಗರದಿಂದ ಮೂರು ಸಲ ಫೋನ್ ಮಾಡಿದ. ಕಾರ್ಯದರ್ಶಿ ಶ್ರೀನಾಥ್ 'ಸಂಶೋಧಕ' ಸಾಕೆಂದರು. ನಿವೃತ್ತ ಕನ್ನಡ ಅಧ್ಯಾಪಕಿ ಯಮುನಾ ಒಪ್ಪಲಿಲ್ಲ. ಸಂಶೋಧಕನೆಂದರೆ ಗ್ರಂಥಾಲಯದಲ್ಲಿ ಕೂತು ಹುಡುಕುವವನು, ಚಪ್ಪಲಿ ತೇಲಿಬಿಡುವವನಲ್ಲ.

"ಆವಿಷ್ಕಾರಕ ಅನ್ನಿ. ಸಂಸ್ಕೃತದಲ್ಲಿ 'ಆವಿಸ್' ಅಂದ್ರೆ ಕಣ್ಣಿಗೆ ಕಾಣೋ ಹಾಗೆ. ಮರೇಲಿರೋದನ್ನ ಬಯಲಿಗೆ ತರೋನು."

"ಅದೇ ಹಾಕ್ಸಿ ಮೇಡಂ," ಎಂದರು ಅಧ್ಯಕ್ಷ ಮುನಿರಾಜ್. ಅಪಾರ್ಟ್‌ಮೆಂಟ್ ನಿಂತದ್ದು ಅವರ ರಾಗಿ ಹೊಲದಲ್ಲಿ. ಅಧ್ಯಕ್ಷಗಿರಿಯೂ ಹೊಲದ ಜೊತೆಗೇ ಬಂದಿತ್ತು. "ಬಯಲಿಗೆ ತರ್ಲಿ, ನಮ್ದೇನು ಹೋಗ್ಬೇಕು."

"ಏನರ ಬರೀರಿ ಸಾಹೇಬ್ರ," ಎಂದ ಹುಲಿಗೆಪ್ಪ. "ಕಾಯಂ ಅನ್ನೋದೊಂದು ಮರೀಬ್ಯಾಡ್ರಿ."

ಐದು ಗಂಟೆಗೆ ಎಲ್ಲರೂ ತಾರಸಿಯಲ್ಲಿ ಸೇರಿದರು. ಹುಲಿಗೆಪ್ಪ ಎಲ್ಲ ಫ್ಲಾಟುಗಳ ವಾಲ್ವ್ ಮುಚ್ಚಿದ. ತಾನು ಬಕೆಟಿಗೆ ನೀರು ಬಿಟ್ಟಾಗ ಮಾತ್ರ ಗಂಟೆ ಹೊಡೆಯಬೇಕು. ಅವನು ನಲ್ಲಿ ಮುಟ್ಟುವ ಮೊದಲೇ ಅದು ಶಾಲೆ ಬಿಟ್ಟಂತೆ ಹೊಡೆಯತೊಡಗಿತು.

ಯಾರೋ ನಕ್ಕರು. ಹುಲಿಗೆಪ್ಪನಿಗೆ ಕಾಯಂ ನೌಕರಿ ಕಣ್ಣೆದುರೇ ಸೋರಿಹೋಗುವಂತೆ ಕಂಡಿತು.

"ಗಂಟಿ ಸುಳ್ಳು ಹೇಳಂಗಿಲ್ರಿ. ನೀರು ಎಲ್ಲೋ ಹೊಂಟೈತಿ," ಎಂದು ಟ್ಯಾಂಕಿನ ಹಿಂದೆ ನುಗ್ಗಿದ.

"ಬಿಡಪ್ಪ, ಹಾರ ಬಾಡ್ತಾ ಇದೆ," ಎಂದರು ಮುನಿರಾಜ್, ಎರಡು ಸಲ.

ಹುಲಿಗೆಪ್ಪ ಕೇಳಲಿಲ್ಲ. ಹಳೆಯ ಡ್ರಮ್ಮುಗಳ ಮರೆಯಲ್ಲಿ ಕಪ್ಪು ಪೈಪೊಂದು ಸಿಕ್ಕಿತು. ಅದರ ಜಾಡು ಹಿಡಿದು ಅವನು ಮುಂದೆ, ದಿಬ್ಬಣದಂತೆ ಸಮಿತಿ ಹಿಂದೆ. ಪೈಪು ಕಾಂಪೌಂಡ್ ಹಾರಿ, ಮುನಿರಾಜ್ ಬಾಡಿಗೆಗೆ ಕೊಟ್ಟಿದ್ದ ಸಾಲುಮನೆಗಳಿಗೆ ಹೋಗಿ, ಮೂರನೆಯ ಬಾಗಿಲಿನ ಮುಂದಿನ ನಲ್ಲಿಯಲ್ಲಿ ಮುಗಿದಿತ್ತು. ಅದು ಹುಲಿಗೆಪ್ಪನದೇ ಬಾಡಿಗೆ ಮನೆ. ಅಲ್ಲಿ, ಸನ್ಮಾನಕ್ಕೆಂದು ಹೊಸ ಸೀರೆಯುಟ್ಟ ಅವನ ಹೆಂಡತಿ ಸುಭದ್ರಮ್ಮ ಕೊಡ ತುಂಬಿಸುತ್ತಿದ್ದಳು.

"ಮುಗೀತೇನು? ಕಾಯಂ ಮಾಡಿದ್ರ?" ಎಂದಳು.

ಮುನಿರಾಜ್ ಗಂಟಲು ಸರಿಮಾಡಿಕೊಂಡರು. "ನೋಡಿ, ಟ್ಯಾಂಕಿನ ಬೀಗದಕೈ ಇವನ ಹತ್ರಾನೇ ಇತ್ತು."

ಪಂಪು ಬೇರೆ ಯಾರ ಮಾತನ್ನೂ ಕೇಳದ್ದರಿಂದ ಹುಲಿಗೆಪ್ಪನನ್ನು ತೆಗೆಯಲಿಲ್ಲ, ಕಾಯಮ್ಮೂ ಮಾಡಲಿಲ್ಲ. 'ಆವಿಷ್ಕಾರಕ' ಎಂದು ಫಲಕ ಕೊರೆದಾಗಿದ್ದರಿಂದ ಅದನ್ನು ಕೊಟ್ಟರು. ಕಪ್ಪು ಪೈಪನ್ನು ಕತ್ತರಿಸಿದರು. ಸುಭದ್ರಮ್ಮ ಈಗ ಬೀದಿ ಬೋರ್‌ವೆಲ್ಲಿನಿಂದ ಹೊತ್ತು ತಂದ ಕೊಡವನ್ನು ಆ ಫಲಕದಿಂದ ಮುಚ್ಚಿಡುತ್ತಾಳೆ.